ಒಂದೇ ಒಂದು ಸ್ವರಕ್ಕೆ ಮೈಯೆಲ್ಲ ಝುಂ ಅನ್ನತ್ತೆ: ಕೆಟ್ಟಿರೋದು ವಾದ್ಯಾನಾ, ರೂಮಾ, ಇಲ್ಲ ನಾವಾ?

ಮೊದ್ಲು ನನ್ನ ಕಥೆ ಹೇಳ್ಬಿಡ್ತೀನಿ, ಯಾಕಂದ್ರೆ ನಾನು ಎಲ್ಲಾನೂ ಉಲ್ಟಾ ಮಾಡಿ ದುಡ್ಡು ಕಳ್ಕೊಂಡೋನು. ನಾನು ಯುಫೋನಿಯಂ ಊದ್ತೀನಿ, ಟ್ಯೂಬಾದ ತಮ್ಮನ ಥರ ಇರೋ ಹಿತ್ತಾಳೆ ವಾದ್ಯ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಮದುವೆ ಸೀಸನ್ ಮತ್ತೆ ಗಣೇಶನ ಟೈಮಲ್ಲಿ ಮೈಸೂರಿನ ಒಂದು ಬ್ಯಾಂಡ್ ಸೆಟ್ ಜೊತೆ ಹೋಗ್ತೀನಿ. ಹೋದ ವರ್ಷ ಬಾಡಿಗೆ ಮನೆ ಬದಲಾಯಿಸಿದ್ವಿ, ಹೊಸ ಮನೇಲಿ ಹಿಂದಿನ ರೂಮು ನಂಗೆ ಸಿಕ್ತು. ಮೊದಲ್ನೇ ದಿನ ಸಾಯಂಕಾಲ ಕೂತು ಪಿಸ್ಟನ್ (ಬೆರಳಲ್ಲಿ ಒತ್ತೋ ಗುಂಡಿ) ಏನೂ ಒತ್ತದೆ ಕೆಳಗಿನ ಸಿ ಊದಿದೆ ನೋಡಿ, ಎದೆಗೂಡು ಗುಂಯ್ ಅಂತು, ಮುಂದಿನ ಹಲ್ಲು ಜುಮ್ಮಂತು, ವಾದ್ಯ ಹಿಡಿದಿದ್ದ ಅಂಗೈಗೆ ಇರುವೆ ಹತ್ತಿದ ಹಾಗೆ, ಅದ್ರ ಜೊತೆಗೆ ಎಲ್ಲೋ ಒಂದು ಸಣ್ಣ ಕಿರ್ರ್. ಅರ್ಧ ಸ್ವರ ಕೆಳಗೆ ಹೋದ್ರೆ ಇಲ್ಲ, ಅರ್ಧ ಸ್ವರ ಮೇಲೆ ಹೋದ್ರೂ ಇಲ್ಲ, ಅದೊಂದೇ ಸ್ವರಕ್ಕೆ. ಪಕ್ಕದ ಮನೆ ಅತ್ತೆ ಕಾಂಪೌಂಡ್ ಮೇಲಿಂದ ಇಣುಕಿ "ಏನಪ್ಪಾ, ಹಿಟ್ಟಿನ ಗಿರಣಿ ಏನಾದ್ರೂ ಹಾಕ್ತಿದೀಯಾ?" ಅಂದ್ರು.

ನಾನೇನು ಮಾಡ್ಬೇಕಿತ್ತು ಅಂದ್ರೆ ವಾದ್ಯ ಎತ್ಕೊಂಡು ಹಿತ್ತಲಿಗೆ ಹೋಗಿ ಅದೇ ಸ್ವರ ಊದ್ಬೇಕಿತ್ತು, ಅಷ್ಟೇ, ಹತ್ತು ಹೆಜ್ಜೆ. ಅದು ಬಿಟ್ಟು ವಾದ್ಯ ಒಡೆದೋಯ್ತು ಅಂತ ಮಾರನೇ ದಿನ ರಿಪೇರಿಗೆ ಒಯ್ದೆ. ರಿಪೇರಿ ಯಜಮಾನ್ರು ತಿರುಗಿಸಿ ಮುರುಗಿಸಿ ನೋಡಿ, "ಬೆಲ್ ಮೇಲೆ ಎರಡು ತಗ್ಗು ಬಿದ್ದಿದೆ ಸಾರ್, ಅದಕ್ಕೇ ಇರ್ಬೇಕು, ತೆಗ್ದು ಕೊಡ್ತೀನಿ" ಅಂದ್ರು. ಸಾವಿರದ ಎಂಟುನೂರು ರೂಪಾಯಿ. ಬೆಲ್ ಅಂದ್ರೆ ವಾದ್ಯದ ಅಗಲ ಬಾಯಿ, ಅದ್ರ ತಗ್ಗು ಚೆನ್ನಾಗೇ ತೆಗೆದಿದ್ರು, ಅದು ಬೇರೆ ಮಾತು, ಮನೆಗೆ ಬಂದು ಊದಿದ್ರೆ ಮತ್ತೆ ಅದೇ ಗುಂಯ್ ಅದೇ ಕಿರ್ರ್. ಆಮೇಲೆ ಗೊತ್ತಾಯ್ತು, ನನ್ನ ಹತ್ರ ಇದ್ದಿದ್ದು ಒಂದು ದೋಷ ಅಲ್ಲ, ಎರಡು, ಗುಂಯ್‌ಗೆ ಒಂದು ಕಾರಣ ಕಿರ್ರ್‌ಗೆ ಇನ್ನೊಂದು, ಎರಡೂ ಒಂದೇ ಸ್ವರಕ್ಕೆ ಬರ್ತಿದ್ರಿಂದ ನಾನು ಒಂದೇ ಅಂದ್ಕೊಂಡಿದ್ದೆ.

ಮುಂದಕ್ಕೆ ಹೋಗೋ ಮುಂಚೆ ಸ್ವರದ ಹೆಸರಿನ ಗೊಂದಲ ಬಗೆಹರಿಸ್ಕೊಳೋಣ. ಟ್ರಂಪೆಟ್, ಯುಫೋನಿಯಂನೋರು ಸಿ ಅಂತ ಓದೋದು ಹಾರ್ಮೋನಿಯಂನಲ್ಲಿ ಬಿ ಫ್ಲಾಟ್, ಅಂದ್ರೆ ಹಾಡುಗಾರರ ಲೆಕ್ಕದಲ್ಲಿ ಆರೂವರೆ ಮನೆ ಶ್ರುತಿ. ನಾನು ಓದೋ ಹೆಸರನ್ನೇ ಹೇಳ್ತೀನಿ, ಜೊತೆಗೆ ಹರ್ಟ್ಜ್ (ಸೆಕೆಂಡಿಗೆ ಎಷ್ಟು ಸಲ ಅದುರತ್ತೆ ಅನ್ನೋ ಲೆಕ್ಕ) ಹಾಕ್ತೀನಿ, ಆಗ ಯಾರಿಗೂ ತಕರಾರಿಲ್ಲ. ನನ್ನ ಕೆಳಗಿನ ಸಿ 116.5 ಹರ್ಟ್ಜ್.

ಇನ್ನೊಂದು ವಿಷಯಾನೂ ತಲೇಲಿಟ್ಕೊಳಿ. ಎಲ್ಲಾ ಸ್ವರಾನೂ ಒಂದೇ ಸಮ ಮೈಗೆ ತಾಗಲ್ಲ, ತಾಗ್ಬಾರ್ದು ಕೂಡ. ಪಿಸ್ಟನ್ ಒತ್ತದೆ ಬರೀ ತುಟಿ ಬಿಗಿ ಮಾಡ್ತಾ ಮೇಲೆ ಹೋದ್ರೆ ಬರೋದು ಸ, ಪ, ಮೇಲಿನ ಸ, ಗ, ಪ, ಆಮೇಲೆ ಸ್ವಲ್ಪ ಇಳಿದಿರೋ ಒಂದು ಕೈಶಿಕಿ ನಿಷಾದ, ಅದಾದ್ಮೇಲೆ ಮತ್ತೆ ಸ. ತಂಬೂರಿ ಮೀಟಿದಾಗ ಯಾರೂ ಗಾಂಧಾರದ ತಂತಿ ಕಟ್ಟಿಲ್ದೆ ಇದ್ರೂ ಅಂತರ ಗಾಂಧಾರ ತಾನಾಗೇ ಕೇಳ್ಸತ್ತಲ್ಲ, ಅದೇ ಸರಣಿ ಇದು, ಅಲ್ಲಿ ತಂತಿ ಇಲ್ಲಿ ಗಾಳಿ. ತುಟಿಯಿಂದ ಹೊರಟ ಅಲೆ ಬೆಲ್ ತನಕ ಹೋಗಿ ವಾಪಸ್ ಬಂದು ತುಟಿಗೇ ಬಡಿಯತ್ತೆ. ಸರಿಯಾದ ಸ್ವರ ಆದ್ರೆ ಆ ಬಡಿತ ತುಟಿ ತೆರೆಯೋ ಹೊತ್ತಿಗೆ ಸರಿಯಾಗಿ ಬಂದು ಜೋಕಾಲಿ ತಳ್ಳಿದ ಹಾಗೆ ತಳ್ಳತ್ತೆ, ಆಗ ಜೋರಾಗಿ ಊದಿದ್ರೆ ಮೌತ್‌ಪೀಸ್ ಒಳಗೆ 160 ಡೆಸಿಬೆಲ್ ದಾಟತ್ತೆ. ಅಷ್ಟು ಒತ್ತಡ ಇರೋ ಬಟ್ಟಲನ್ನ ನಾವು ಹಲ್ಲಿಗೆ ಒತ್ತಿ ಹಿಡ್ಕೊಂಡಿರ್ತೀವಿ, ಹಲ್ಲಿಂದ ದವಡೆ, ದವಡೆಯಿಂದ ತಲೆಬುರುಡೆ, ಜುಮ್ ಅನ್ನದೆ ಇನ್ನೇನಾಗತ್ತೆ.

ಕೈಗೆ ತಿಳಿಯೋ ನಡುಕದ್ದು ಇನ್ನೊಂದು ಕಥೆ. ಚರ್ಮದ ಒಳಗೆ ನಡುಕ ಹಿಡಿಯೋ ಸಣ್ಣ ಸಣ್ಣ ನರದ ತುದಿಗಳಿವೆ, ಅವು ಅತಿ ಚುರುಕಾಗಿರೋದು 200ರಿಂದ 300 ಹರ್ಟ್ಜ್ ಒಳಗೆ. ಯುಫೋನಿಯಂನ ನಡುವಿನ ಸಿ, ಟ್ರಂಪೆಟ್‌ನ ಕೆಳಗಿನ ಸಿ, ಎರಡೂ 233. ಅದಕ್ಕೇ ಹೊಸದಾಗಿ ಕಲಿಯೋ ಹುಡುಗ್ರು "ಅಣ್ಣಾ ಈ ಸ್ವರಕ್ಕೆ ಮಾತ್ರ ವಾದ್ಯ ಕೈಯಲ್ಲಿ ನಡುಗತ್ತೆ" ಅಂತ ಬಂದು ಹೇಳೋದು ಹೆಚ್ಚಾಗಿ ಈ ಸಿ, ಅದ್ರ ಪಕ್ಕದ ಡಿ. ವಾದ್ಯ ಬೇರೆ ಸ್ವರಕ್ಕೂ ನಡುಗ್ತಿರತ್ತೆ, ನಮ್ಮ ಬೆರಳಿಗೆ ಚೆನ್ನಾಗಿ ಗೊತ್ತಾಗೋದು ಇದು. ಇದು ದೋಷ ಅಲ್ಲ, ರಿಪೇರಿಗೆ ಒಯ್ಯಬೇಡಿ.

ಹಾಗಾದ್ರೆ ದೋಷ ಯಾವುದು? ನಿನ್ನೆ ಇಲ್ದೆ ಇದ್ದಿದ್ದು ಇವತ್ತು ಬಂದಿದ್ರೆ, ಸ್ವರದ ಜೊತೆ ಬೇರೆ ಶಬ್ದ ಬೆರೆತಿದ್ರೆ, ನೋವಾದ್ರೆ. ಇಷ್ಟರಲ್ಲಿ ಒಂದಿದ್ರೆ ಹುಡುಕೋಣ. ಹುಡುಕುವಾಗ ಒಂದು ಸಲಕ್ಕೆ ಒಂದೇ ಬದಲಾಯಿಸಿ. ಜಾಗ ಬದಲಾಯಿಸಿದಾಗ ಮೌತ್‌ಪೀಸೂ ಬದಲಾಯಿಸಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಆ ಬ್ರಹ್ಮಂಗೂ ಗೊತ್ತಾಗಲ್ಲ.

ಮೊದ್ಲು ಹೊರಗೆ ಹೋಗಿ

ಹಿತ್ತಲು, ತಾರಸಿ, ಆಟದ ಮೈದಾನ, ಗೋಡೆ ಹತ್ರ ಇಲ್ದಿರೋ ಜಾಗ ಯಾವುದಾದ್ರೂ ಸರಿ. ಅದೇ ಸ್ವರ, ಅದೇ ಜೋರು. ಗುಂಯ್ ಹೋಯ್ತಾ? ಹಾಗಿದ್ರೆ ವಾದ್ಯಕ್ಕೆ ಕೈ ಹಚ್ಚಬೇಡಿ, ದೋಷ ರೂಮಿನದು.

ನನ್ನ ರೂಮಿನ ಲೆಕ್ಕ ಪೂರ್ತಿ ಹೇಳ್ತೀನಿ ಯಾಕಂದ್ರೆ ಅದು ಗೊತ್ತಾದಾಗ ನಂಗೆ ನಗು ತಡೆಯೋಕಾಗಿಲ್ಲ. ನಮ್ಮೂರ ಕಡೆ ಬಾಡಿಗೆ ಮನೆ ಅಂದ್ರೆ ಹತ್ತಕ್ಕೆ ಹತ್ತರ ರೂಮು. ಟೇಪ್ ಹಿಡಿದು ಅಳೆದೆ, ಪ್ಲಾಸ್ಟರಿಂಗ್ ಎಲ್ಲ ಕಳೆದು ಗೋಡೆಯಿಂದ ಗೋಡೆಗೆ ಸರಿಯಾಗಿ 3 ಮೀಟರ್, ಆ ಕಡೇನೂ ಅಷ್ಟೇ ಈ ಕಡೇನೂ ಅಷ್ಟೇ. ನಮ್ಮ ಸೆಖೆಯಲ್ಲಿ, ಅಂದ್ರೆ 30 ಡಿಗ್ರಿ ಹತ್ರ, ಶಬ್ದ ಸೆಕೆಂಡಿಗೆ 349 ಮೀಟರ್ ಹೋಗತ್ತೆ. ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗಿ ವಾಪಸ್ ಬರೋಕೆ 6 ಮೀಟರ್. 349ನ 6ರಿಂದ ಭಾಗಿಸಿ, 58. ಅಂದ್ರೆ ಆ ರೂಮು 58, 116, 174, 233, 291, 349ಕ್ಕೆ ತಾನೇ ಮೊಳಗತ್ತೆ. ಈಗ ನನ್ನ ವಾದ್ಯ ನೋಡಿ, ಸುಮಾರು ಒಂಬತ್ತು ಅಡಿ ಕೊಳವೆ, ಏನೂ ಒತ್ತದೆ ಬರೋ ಸ್ವರಗಳು 58, 116.5, 175, 233, 291, 350. ಅಂದ್ರೆ ನಾನು ಬಾಡಿಗೆಗೆ ಹಿಡಿದಿದ್ದು ರೂಮಲ್ಲ, ಇನ್ನೊಂದು ಯುಫೋನಿಯಂ! ಬೆಲ್ ಇಲ್ಲ, ಪಿಸ್ಟನ್ ಇಲ್ಲ, ಅದ್ರೊಳಗೆ ನಾನು ಕುರ್ಚಿ ಹಾಕ್ಕೊಂಡು ಕೂತಿದೀನಿ. ಟ್ರಾಂಬೋನ್‌ನೋರಿಗೂ ಇದೇ ಲೆಕ್ಕ, ಅವ್ರ ಸ್ಲೈಡ್ ಪೂರ್ತಿ ಒಳಗಿದ್ದಾಗ ಅದೂ ಒಂಬತ್ತು ಅಡೀನೇ. ಉದ್ದ ಅಗಲ ಎರಡೂ ಒಂದೇ ಆಗಿದ್ರಿಂದ ಎರಡು ಕಡೆಯಿಂದ್ಲೂ ಒಂದೇ ಸ್ವರಕ್ಕೆ ಒದೆ ಬೀಳ್ತಿತ್ತು, ಮೇಲಿಂದ ಸೂರೂ ಹತ್ತಡಿ ಇದ್ರಂತೂ ಕೇಳೋದೇ ಬೇಡ. ಕೆಳಗಿನ ಸಿ ಊದಿದ್ರೆ 116 ಒಂದೇ ಅಲ್ಲ, ಅದ್ರ ಒಳಗೆ ಬೆರೆತಿರೋ 233, 349 ಎಲ್ಲಾನೂ ರೂಮು ಎತ್ತಿ ಎತ್ತಿ ಕೊಡ್ತಿತ್ತು.

ನಿಮ್ಮ ರೂಮಿಗೆ ಸುಲಭದ ಲೆಕ್ಕ ಬೇಕಾದ್ರೆ 570ನ ರೂಮಿನ ಅಡಿಯಿಂದ ಭಾಗಿಸಿ, ಬಂದಿದ್ದನ್ನ ಎರಡರಿಂದ, ಮೂರರಿಂದ ಗುಣಿಸ್ತಾ ಹೋಗಿ. 12 ಅಡಿ ಆದ್ರೆ 47, 95, 142 ಆಸುಪಾಸು. 15 ಅಡಿ ಹಾಲ್ ಆದ್ರೆ 38, 76, ಅಲ್ಲಿ ಇ-ಫ್ಲಾಟ್ (E♭) ಟ್ಯೂಬಾ ಊದೋನಿಗೆ ಮಜಾ ಇದೆ, ಅವನ ವಾದ್ಯ ಶುರುವಾಗೋದೇ 39ರಿಂದ. ಬಾತ್‌ರೂಮ್ ಐದಡಿ ಅಗಲ ಆದ್ರೆ 114, ಬಾತ್‌ರೂಮಲ್ಲಿ ಗಂಡಸ್ರ ದನಿ ಕೆಳಗೆ ಹೋದಾಗ ಒಂದು ಕಡೆ ಗಕ್ಕಂತ ದಪ್ಪ ಆಗತ್ತಲ್ಲ, ಅದು ಇದೇ. ಟ್ರಂಪೆಟ್‌ನೋರಿಗೆ ಈ ಕಾಟ ಕಮ್ಮಿ, ಯಾಕಂದ್ರೆ ಮೇಲೆ ಮೇಲೆ ಹೋದ ಹಾಗೆ ರೂಮು ಮೊಳಗೋ ಸ್ವರಗಳು ಒತ್ತೊತ್ತಾಗಿ ಬಂದು ಯಾವುದೂ ಒಂದೇ ಎದ್ದು ಕೇಳಲ್ಲ.

ಲೆಕ್ಕದ ಮೇಲೆ ನಂಬಿಕೆ ಇಲ್ವಾ, ಕುರ್ಚಿ ಸರಿಸಿ ನೋಡಿ. ಮೂಲೇಲಿ ಕೂತ್ರೆ ಎಲ್ಲಾ ಸ್ವರಾನೂ ಜೋರು. ಗೋಡೆಯಿಂದ ಸರಿಯಾಗಿ ಕಾಲು ಭಾಗ ದೂರ ಬಂದ್ರೆ, ನನ್ನ ರೂಮಲ್ಲಿ 75 ಸೆಂಟಿಮೀಟರ್, ಎರಡೂವರೆ ಅಡಿ, 116ರ ಗುಂಯ್ ನಿಂತೋಗತ್ತೆ, ಸ್ವಿಚ್ ಆರಿಸಿದ ಹಾಗೆ. ರೂಮಿನ ನಡುಮಧ್ಯಕ್ಕೆ ಬಂದ್ರೆ ಮತ್ತೆ ಶುರು. ನಾನು ಎರಡೂ ಗೋಡೆಯಿಂದ ಎರಡೂವರೆ ಅಡಿಗೆ ನೆಲದ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ ಗುರುತು ಮಾಡಿದೀನಿ, ಕುರ್ಚಿ ಅಲ್ಲೇ. ಬ್ಲೂಟೂತ್ ಸ್ಪೀಕರ್ ಇದ್ರೆ ಫೋನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 116 ಬಿಟ್ಟು ರೂಮಲ್ಲಿ ಓಡಾಡಿ ನೋಡಿ, ಎಲ್ಲೆಲ್ಲಿ ಜೋರು ಎಲ್ಲೆಲ್ಲಿ ಇಲ್ಲ ಅಂತ ಕಿವಿಗೇ ಗೊತ್ತಾಗತ್ತೆ (ಫೋನಿನ ಸ್ಪೀಕರ್‌ನಲ್ಲೇ ಮಾಡ್ಬೇಡಿ, ಅದಕ್ಕೆ ಅಷ್ಟು ಕೆಳಗಿನ ಸ್ವರ ಬರೋದೇ ಇಲ್ಲ).

ಇದಕ್ಕೆ ಪರಿಹಾರ ಅಂತ ಆನ್‌ಲೈನ್‌ನಲ್ಲಿ ಮೊಟ್ಟೆ ಟ್ರೇ ಥರದ ಫೋಮ್ ತರಿಸೋರಿದಾರೆ, ದಯವಿಟ್ಟು ಬೇಡ. ಒಂದಿಂಚು ಫೋಮ್ ಮೇಲಿನ ಸ್ವರದ ಗಲಗಲ ತಗ್ಗಿಸತ್ತೆ ಅಷ್ಟೇ, 116 ಹರ್ಟ್ಜ್‌ನ ಅಲೆ ಮೂರು ಮೀಟರ್ ಉದ್ದ, ಅದಕ್ಕೆ ಒಂದಿಂಚು ಲೆಕ್ಕಕ್ಕೇ ಇಲ್ಲ, ಕರ್ಟನ್ನೂ ಅಷ್ಟೇ. ಬಾಗ್ಲು ಕಿಟಕಿ ತೆಗ್ದಿಡಿ, ಒಂದಿಷ್ಟು ಜೋರು ಹೊರಗೆ ಹೋಗತ್ತೆ. ಹಳೇ ಹತ್ತಿ ಹಾಸಿಗೆ ಇದ್ರೆ ಸುತ್ತಿ ಮೂಲೇಲಿ ನಿಲ್ಸಿ, ಸ್ವಲ್ಪ ತಗ್ಗತ್ತೆ. ಉಳಿದಿದ್ದಕ್ಕೆ ಕುರ್ಚಿ.

ಅಂದ್ಹಾಗೆ ರೂಮಿನ ಸಾಮಾನೂ ನೋಡಿ. ಕಬ್ಬಿಣದ ಬೀರುವಿನ ಬಾಗ್ಲು, ಕಿಟಕಿ ಗಾಜು, ಅಡುಗೆಮನೆ ಸ್ಟ್ಯಾಂಡಲ್ಲಿ ಒಂದರ ಮೇಲೊಂದು ನಿಂತಿರೋ ಸ್ಟೀಲ್ ತಟ್ಟೆ, ಇವೆಲ್ಲ ಒಂದೊಂದು ಸ್ವರಕ್ಕೆ ಒಂದೊಂದು ದನಿ ಕೊಡ್ತವೆ. ನಮ್ಮನೇಲಿ ಫ್ಯಾನಿನ ಮೇಲಿನ ಬಟ್ಟಲು ಜಿ ಸ್ವರಕ್ಕೆ ಗಿರಗಿರ ಅಂತಿತ್ತು, ಅದನ್ನ ವಾದ್ಯದ ಒಳಗಿನ ಶಬ್ದ ಅಂತ್ಲೇ ಎರಡು ದಿನ ತಿಳ್ಕೊಂಡಿದ್ದೆ.

ಹೊರಗೆ ಬಂದ್ರೂ ಹೋಗ್ಲಿಲ್ಲ ಅಂದ್ರೆ

ನನ್ನ ಕಿರ್ರ್ ಹಿತ್ತಲಿಗೂ ಬಂತು. ಹಾಗಾದ್ರೆ ಅದು ರೂಮಿನದಲ್ಲ. ಈಗ ಕೇಳ್ಬೇಕಾದ ಪ್ರಶ್ನೆ ಒಂದೇ, ದೋಷ ಅಂಟಿಕೊಂಡಿರೋದು ಸ್ವರಕ್ಕಾ ಅಥವಾ ಬೆರಳಿಗಾ? ಒಂದೇ ಸ್ವರನ ಎರಡು ಥರ ಬೆರಳಲ್ಲಿ ಊದ್ಬಹುದು ಅನ್ನೋದು ಪಿಸ್ಟನ್ ವಾದ್ಯದೋರಿಗೆ ದೊಡ್ಡ ವರ. ಎ ಸ್ವರ ಸಾಮಾನ್ಯವಾಗಿ ಒಂದನೇ, ಎರಡನೇ ಪಿಸ್ಟನ್ ಒತ್ತಿ ಊದ್ತೀವಿ, ಬರೀ ಮೂರನೇದು ಒತ್ತಿದ್ರೂ ಬರತ್ತೆ. ಜಿ ಖಾಲಿ (ಏನೂ ಒತ್ತದೆ) ಊದ್ತೀವಿ, ಒಂದು-ಮೂರು ಒತ್ತಿ ಊದ್ಬಹುದು. ನಡುವಿನ ಸಿ ಖಾಲಿ ಅಥವಾ ಎರಡು-ಮೂರು. ಶ್ರುತಿ ಒಂಚೂರು ಆಚೀಚೆ ಆಗತ್ತೆ, ಪರೀಕ್ಷೆಗೆ ಪರವಾಗಿಲ್ಲ. ಬೆರಳು ಬದಲಾಯಿಸಿದ ಕೂಡ್ಲೇ ಕಿರ್ರ್ ನಿಂತ್ರೆ, ಬಿಟ್ಟ ಪಿಸ್ಟನ್ನಿನ ಕೊಳವೆ ದಾರೀಲಿ ಏನೋ ಇದೆ. ಬೆರಳು ಯಾವುದೇ ಇರ್ಲಿ ಅದೇ ಸ್ವರಕ್ಕೆ ಬರತ್ತೆ ಅಂದ್ರೆ, ವಾದ್ಯದ ಮೇಲೆ ಸಡಿಲ ಆಗಿರೋ ಯಾವುದೋ ಚೂರು ಆ ಹರ್ಟ್ಜ್‌ಗೆ ಕುಣೀತಿದೆ, ಇಲ್ಲ ನಿಮ್ಮ ಮೈಯಲ್ಲೇ ಇದೆ.

ಮೂರೇ ಪಿಸ್ಟನ್ ಇರೋ ವಾದ್ಯದಲ್ಲಿ ಕೆಳಗಿನ ಸಿಗೆ ಬೇರೆ ಬೆರಳಿಲ್ಲ. ಅದಕ್ಕೆ ಮೈನ್ ಸ್ಲೈಡ್ (ಶ್ರುತಿ ಹೊಂದಿಸೋಕೆ ಎಳೆಯೋ ಕೊಳವೆ) ಎರಡು ಸೆಂಟಿಮೀಟರ್ ಎಳೀರಿ, ಸ್ಲೈಡಿಗೆ ಎರಡು ಕಾಲು ಇರೋದ್ರಿಂದ ಕೊಳವೆ ನಾಲ್ಕು ಸೆಂಟಿಮೀಟರ್ ಉದ್ದ ಆಗತ್ತೆ, ಸ್ವರ 116.5ರಿಂದ 115ರ ಹತ್ರಕ್ಕೆ ಇಳಿಯತ್ತೆ. ಈಗ ಕಿರ್ರ್ ಕಮ್ಮಿ ಆಯ್ತಾ, ಹಾಗಾದ್ರೆ ಅದು ಒಂದು ನಿರ್ದಿಷ್ಟ ಹರ್ಟ್ಜ್‌ಗೆ ಅಂಟಿಕೊಂಡಿರೋ ಚೂರು.

ಆಮೇಲೆ ಬೆರಳ ತುದಿ ಕೆಲಸ. ಒಂದು ಕೈಯಲ್ಲಿ ಊದ್ತಾ ಇರಿ, ಇನ್ನೊಂದು ಕೈಯಲ್ಲಿ, ಇಲ್ಲ ಮನೇಲಿ ಯಾರಾದ್ರೂ ತಾಳ್ಮೆ ಇರೋರಿದ್ರೆ ಅವ್ರ ಕೈಯಲ್ಲಿ, ಒಂದೊಂದೇ ಜಾಗ ಒತ್ತಿಸ್ತಾ ಬನ್ನಿ. ಪಿಸ್ಟನ್ನಿನ ಮೇಲಿನ ಗುಂಡಿ, ಕೆಳಗಿನ ಮುಚ್ಚಳ, ನೋಟ್ ಪುಸ್ತಕ ಸಿಕ್ಕಿಸೋ ಸ್ಕ್ರೂ, ಸ್ಲೈಡ್ ಉಂಗುರ, ಎರಡು ಕೊಳವೆ ನಡುವಿನ ಬೆಸುಗೆ ಕಡ್ಡಿಗಳು. ಈ ಕಡ್ಡಿ ಬೆಸುಗೆ ಒಂದು ಕಡೆ ಬಿಟ್ಟಿದ್ರೂ ನೋಡೋಕೆ ಗಟ್ಟಿಯಾಗೇ ಕಾಣತ್ತೆ, ಊದಿದಾಗ ಮಾತ್ರ ಗೊತ್ತಾಗತ್ತೆ. ಬೆಲ್ ಬಾಯಿಯ ಅಂಚು ಮಡಚಿರ್ತಾರಲ್ಲ, ಅದ್ರೊಳಗೆ ಒಂದು ತಂತಿ ಇರತ್ತೆ, ವಾದ್ಯ ಎಲ್ಲಾದ್ರೂ ಬಿದ್ದಿದ್ರೆ ಆ ತಂತಿ ಸಡಿಲ ಆಗಿ ಝರ್ ಅನ್ನತ್ತೆ, ಇದನ್ನ ಹುಡುಕೋಕೆ ಎಷ್ಟೋ ಜನ ತಿಂಗಳುಗಟ್ಟಲೆ ಒದ್ದಾಡ್ತಾರೆ, ಅಂಚಿನ ಸುತ್ತ ಹೆಬ್ಬೆರಳು ಒತ್ತುತ್ತಾ ಬಂದ್ರೆ ಸಿಗತ್ತೆ. ಬ್ಯಾಂಡಿನ ವಾದ್ಯಗಳು ಹೆಚ್ಚಿನವು ಮೀರತ್‌ನ ಜಾಲಿ ಕೋಠಿ ಕಡೆಯಿಂದ ಬರೋದು, ಅಲ್ಲಿಂದ ಲಾರೀಲಿ, ಇಲ್ಲಿ ಟೆಂಪೋದಲ್ಲಿ, ಆಮೇಲೆ ನಮ್ಮ ಹುಡುಗ್ರ ಕೈಯಲ್ಲಿ, ಅಂಚು ಎಷ್ಟು ಕಡೆ ತಾಗಿರತ್ತೆ ಅಂತ ನೀವೇ ಲೆಕ್ಕ ಹಾಕಿ.

ನನ್ನದ್ರಲ್ಲಿ ಸಿಕ್ಕಿದ್ದು ನೀರು ಬಿಡೋ ಕೀಲಿ. ಅದ್ರ ಮೇಲೆ ಬೆರಳಿಟ್ಟ ತಕ್ಷಣ ಕಿರ್ರ್ ನಿಂತೋಯ್ತು, ಎತ್ತಿದ್ರೆ ಮತ್ತೆ ಬಂತು. ಬಿಚ್ಚಿ ನೋಡಿದ್ರೆ ಒಳಗಿನ ಕಾರ್ಕ್ ತಿಂದು ಹೋಗಿ ಒಂದು ಬದಿ ಕಪ್ಪಾಗಿತ್ತು, ಸ್ಪ್ರಿಂಗ್ ಕಾಲು ಅದ್ರ ಕಚ್ಚಿನಿಂದ ಜಾರಿ ಕೊಳವೆಗೆ ತಾಕ್ತಿತ್ತು. ಸ್ಪ್ರಿಂಗ್ ಕಾಲನ್ನ ಇಕ್ಕಳದಲ್ಲಿ ಒಂಚೂರು ಬಗ್ಗಿಸಿ ಕೂರಿಸಿದೆ, ಕಾರ್ಕ್ ಜಾಗಕ್ಕೆ ಸೈಕಲ್ ಟ್ಯೂಬ್ ಗುಂಡಗೆ ಕತ್ತರಿಸಿ ಅಂಟಿಸಿದೆ. ಖರ್ಚು ಸೊನ್ನೆ. ಆ ಸಾವಿರದ ಎಂಟುನೂರು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.

ಗಾಳಿ ಸೋರೋದು ಯಾಕೆ ಎಲ್ಲಾ ಸ್ವರಕ್ಕೂ ಕಾಟ ಕೊಡಲ್ಲ, ಕೆಲವಕ್ಕೆ ಮಾತ್ರ ಅಂತ ಕೇಳ್ತಾರೆ. ಕೊಳವೆ ಒಳಗೆ ಪ್ರತಿ ಸ್ವರಕ್ಕೂ ಒತ್ತಡ ಹೆಚ್ಚಿರೋ ಜಾಗ ಬೇರೆ, ಇಲ್ದೆ ಇರೋ ಜಾಗ ಬೇರೆ. ತೂತು ಬಿದ್ದಿರೋ ಕಡೆ ಯಾವ ಸ್ವರಕ್ಕೆ ಒತ್ತಡ ಹೆಚ್ಚೋ ಆ ಸ್ವರ ಹಾಳಾಗತ್ತೆ, ಉಳಿದವಕ್ಕೆ ಅದು ಗೊತ್ತೇ ಆಗಲ್ಲ. ಸೋರಿಕೆ ನೋಡೋಕೆ ಪಿಸ್ಟನ್ ಒತ್ತದೆ ಅದ್ರ ಸ್ಲೈಡ್ ಎಳೀರಿ, ಟಪ್ ಅಂತ ಶಬ್ದ ಬಂದ್ರೆ ಗಾಳಿ ಹಿಡೀತಿದೆ, ಸುಮ್ನೆ ಮೆತ್ತಗೆ ಬಂದ್ಬಿಟ್ರೆ ಪಿಸ್ಟನ್ ಸವೆದಿದೆ ಇಲ್ಲ ಸ್ಲೈಡ್ ಸಡಿಲ. ಗುಳುಗುಳು ಅಂದ್ರೆ ನೀರು, ಮೂರನೇ ಸ್ಲೈಡ್ ಬಿಚ್ಚಿ ಸುರೀರಿ, ಅಲ್ಲಿ ನಿಂತಿರೋ ನೀರು ಕೀಲಿಯಿಂದ ಬರಲ್ಲ.

ಒಂದು-ಮೂರು, ಇಲ್ಲ ಒಂದು-ಎರಡು-ಮೂರು ಒತ್ತಿದಾಗ ಮಾತ್ರ ಸ್ವರ ಮೈಗೆ ಹತ್ತಲ್ಲ, ಬೆಪ್ಪಾಗಿ ಬರತ್ತೆ ಅನ್ನೋ ದೂರಿಗೆ ರಿಪೇರಿ ಇಲ್ಲ, ಅದು ಲೆಕ್ಕದ ತಪ್ಪು. ಟ್ರಂಪೆಟ್ ಕೊಳವೆ 148 ಸೆಂಟಿಮೀಟರ್. ಮೊದಲ್ನೇ ಪಿಸ್ಟನ್ 18 ಸೇರಿಸತ್ತೆ, ಮೂರನೇದು 28, ಒಟ್ಟು 46. ಆದ್ರೆ ಐದು ಅರ್ಧಸ್ವರ ಇಳಿಯೋಕೆ ಬೇಕಾಗಿರೋದು ಹೆಚ್ಚುಕಮ್ಮಿ ನಲವತ್ತೊಂಬತ್ತೂವರೆ. ಮೂರೂವರೆ ಸೆಂಟಿಮೀಟರ್ ಸಾಲಲ್ಲ, ಸ್ವರ ಮೇಲಕ್ಕೆ ನಿಲ್ಲತ್ತೆ, ನೀವು ತುಟಿಯಲ್ಲಿ ಕೆಳಗೆ ಎಳೀತೀರಾ, ಎಳೆದ ಕೂಡ್ಲೇ ಆ ಜೋಕಾಲಿ ತಳ್ಳೋ ಹೊತ್ತು ತಪ್ಪಿ ಸ್ವರ ಸತ್ತೋಗತ್ತೆ. ಮೂರನೇ ಸ್ಲೈಡಿಗೆ ಉಂಗುರ ಕೊಟ್ಟಿರೋದೇ ಅದಕ್ಕೆ, ಬೆರಳು ಹಾಕಿ ಆಚೆ ತಳ್ಳಿ, ಒಂದೂಮುಕ್ಕಾಲು ಸೆಂಟಿಮೀಟರ್ ತಳ್ಳಿದ್ರೆ ಎರಡು ಕಾಲಿಂದು ಸೇರಿ ಲೆಕ್ಕ ಸರಿಹೋಗತ್ತೆ. ಸ್ಲೈಡ್ ಹಿಡ್ಕೊಂಡು ಬಿಗಿಯಾಗಿದ್ರೆ ಮೊದ್ಲು ಅದನ್ನ ಬಿಡಿಸಿ.

ಮೈಯೊಳಗಿನ ದೋಷ

ಬೇರೆಯವರ ಕೈಗೆ ವಾದ್ಯ ಕೊಡಿ. ಅವ್ರಿಗೆ ಏನೂ ಅನ್ನಿಸ್ತಿಲ್ಲ, ನಿಮಗೆ ಮಾತ್ರ ಅಂದ್ರೆ ವಿಷಯ ಇಲ್ಲಿಗೆ ಬಂತು. ಇದಕ್ಕೆ ಎರಡು ಸುಲಭ ಪರೀಕ್ಷೆ. ಒಂದು, ಎರಡೂ ಕಿವಿಗೆ ಹತ್ತಿಯೋ ಇಯರ್‌ಪ್ಲಗ್ಗೋ ಇಟ್ಕೊಂಡು ಅದೇ ಸ್ವರ ಊದಿ. ಝುಂ ಕಮ್ಮಿ ಆದ್ರೆ ಅದು ಗಾಳಿಯಲ್ಲಿ ಬರ್ತಿತ್ತು, ಜಾಸ್ತಿ ಆದ್ರೆ ಮೂಳೆ ಮೂಲಕ ಬರ್ತಿದೆ. ಕಿವಿ ಮುಚ್ಚಿದ್ರೆ ಮೂಳೆಯಲ್ಲಿ ಬಂದ ಕೆಳಗಿನ ಸ್ವರ ಹೊರಗೆ ಹೋಗೋಕೆ ದಾರಿ ಇಲ್ದೆ ಒಳಗೇ ದೊಡ್ಡದಾಗಿ ಕೇಳತ್ತೆ, ಕಿವಿ ಮುಚ್ಚಿಕೊಂಡು ಚಕ್ಕುಲಿ ತಿಂದು ನೋಡಿ ಗೊತ್ತಾಗತ್ತೆ. ಎರಡು, ವಾದ್ಯ ಕೆಳಗಿಟ್ಟು ಬಾಯಿ ಮುಚ್ಚಿ ಅದೇ ಸ್ವರದಲ್ಲಿ ಮ್ ಅಂತ ಗುನುಗಿ. ಅಷ್ಟಕ್ಕೂ ಕೆನ್ನೆ, ಹಣೆ, ಕಿವಿ ಅದುರಿದ್ರೆ ತುಟೀದೂ ವಾದ್ಯದ್ದೂ ಏನೂ ತಪ್ಪಿಲ್ಲ, ನೆಗಡಿ, ಕಿವಿ ಕಟ್ಟಿರೋದು, ಕಿವೀಲಿ ಗುಗ್ಗೆ, ಇಂಥದ್ದು ಏನೋ ಇರತ್ತೆ.

ನಮ್ಮ ಬ್ಯಾಂಡಿನ ಕಾರ್ನೆಟ್ (ಟ್ರಂಪೆಟ್ ಥರದ್ದೇ ಗಿಡ್ಡ ವಾದ್ಯ) ಹುಡುಗ ಒಬ್ಬ ಕೆಳಗಿನ ಸಿ ಬಂದಾಗೆಲ್ಲ ಮುಖ ಹಿಂಡ್ತಿದ್ದ, ಮೆರವಣಿಗೆಯಲ್ಲಿ ಆ ಸ್ವರ ಬಿಟ್ಟು ಬಿಟ್ಟು ಊದ್ತಿದ್ದ. ನಾವು ಅವನ ಮೌತ್‌ಪೀಸ್ ಬದಲಾಯಿಸಿದ್ವಿ, ಬೈದ್ವಿ. ಕೊನೆಗೆ ಬ್ಯಾಂಡ್ ಮೇಷ್ಟ್ರು "ಬಾಯಿ ತೆಗಿಯೋ" ಅಂದು, ಮುಂದಿನ ಹಲ್ಲನ್ನ ಚಮಚದ ಹಿಡಿಯಿಂದ ಮೆಲ್ಲಗೆ ತಟ್ಟಿದ್ರು, ಒಂದು ಹಲ್ಲಿಗೆ ಅವನು ಚೀರಿದ. ಹಲ್ಲಿನ ಕ್ಯಾಪ್ ಅಡಿಯಲ್ಲಿ ಬಿಟ್ಟಿತ್ತು. ಡಾಕ್ಟ್ರು ಮತ್ತೆ ಕೂರಿಸಿದ್ಮೇಲೆ ಸರಿಹೋದ.

ತುಟಿಯ ದೋಷ ಬೇರೆ ಥರ. ನಡುವಿನ ಜಿ, ಟ್ರಂಪೆಟ್‌ನಲ್ಲಿ 349, ಅದ್ರಲ್ಲಿ ಒಂದೇ ಸಲ ಎರಡು ಸ್ವರ ಬಂದ ಹಾಗೆ ಬಿರುಕು ದನಿ, ತುಟಿ ಮೇಲೆ ಜೇನು ನೊಣ ಕೂತ ಹಾಗೆ. ಅದು ಎರಡು ತುಟಿ, ಇಲ್ಲ ತುಟಿಯ ಎರಡು ಭಾಗ, ಬೇರೆ ಬೇರೆ ತಾಳದಲ್ಲಿ ಅದುರೋದು. ವಾದ್ಯ ಬಿಟ್ಟು ಬರೀ ಮೌತ್‌ಪೀಸಲ್ಲಿ ಊದಿದ್ರೂ ಬಂದ್ರೆ ಖಾತ್ರಿ. ಹಿಂದಿನ ದಿನ ನಾಲ್ಕು ಗಂಟೆ ಮೆರವಣಿಗೆ ಊದಿ ತುಟಿ ಬಾತಿದ್ದಾಗ ಸಾಮಾನ್ಯ. ಒತ್ತಿ ಹಿಡಿಯೋದು ಬಿಟ್ಟು, ಮೆಲ್ಲಗೆ, ಉದ್ದ ಸ್ವರ ಊದಿ, ಒಂದಿನ ರೆಸ್ಟ್ ಕೊಡಿ. ಜೋರಾಗಿ ಊದಿ ಅದನ್ನ ಸೋಲಿಸ್ತೀನಿ ಅಂತ ಹೋದೋರು ತಾವೇ ಸೋತಿದಾರೆ.

ಇದ್ರಲ್ಲಿ ತಮಾಷೆ ಮಾಡ್ಬಾರದವೂ ಇವೆ. ಮೇಲಿನ ಸ್ವರಕ್ಕೆ ಕಣ್ಣು ಕತ್ತಲೆ ಬಂದ್ರೆ ಕೂತ್ಕೊಂಡು ಊದಿ, ಪದೇ ಪದೇ ಬಂದ್ರೆ ಡಾಕ್ಟ್ರನ್ನ ನೋಡಿ. ಊದುವಾಗ ಮೂಗಿಂದ ಪುಸ್ ಅಂತ ಗಾಳಿ ಸೋರಿದ್ರೆ, ಊದೋದು ನಿಲ್ಸಿದ ಮೇಲೂ ಕಿವೀಲಿ ಕುಂಯ್ ಅಂತಾ ಇದ್ರೆ ಇಎನ್‌ಟಿ ಹತ್ರ ಹೋಗಿ. ಗ್ಲಾಕೋಮಾ ಇರೋರು ಕಣ್ಣಿನ ಡಾಕ್ಟ್ರಿಗೆ ನಾನು ಇಂಥ ವಾದ್ಯ ಊದ್ತೀನಿ ಅಂತ ಹೇಳ್ಲೇಬೇಕು, ಬಿಗಿ ಹಿಡಿದು ಮೇಲಿನ ಸ್ವರ ಊದಿದಾಗ ಕಣ್ಣಿನ ಒತ್ತಡ ಏರತ್ತೆ.

ಪಕ್ಕದವನ ಕಾಟ

ಒಬ್ಬರೇ ಊದಿದ್ರೆ ಏನಿಲ್ಲ, ಗುಂಪಲ್ಲಿ ಮಾತ್ರ ಬರತ್ತೆ ಅಂದ್ರೆ ಮೊದ್ಲು ಸೈಡ್ ಡ್ರಮ್ ನೋಡಿ. ಅದ್ರ ಅಡಿಯಲ್ಲಿರೋ ತಂತಿ ಒಂದೆರಡು ಸ್ವರಕ್ಕೆ ಯಾರೂ ಬಡೀದೆ ಇದ್ರೂ ಚರ್ ಅನ್ನತ್ತೆ, ಪ್ರಾಕ್ಟೀಸ್ ನಿಂತಾಗ ಲಿವರ್ ಎಳೆದು ತಂತಿ ಬಿಡಿಸಿಡೋಕೆ ಹುಡುಗಂಗೆ ಹೇಳಿ. ಎದೆಯಲ್ಲಿ ವೋಂ ವೋಂ ವೋಂ ಅಂತ ಅಲೆ ಥರ ಬಂದ್ರೆ ಇಬ್ಬರ ಶ್ರುತಿ ಕೂಡಿಲ್ಲ, ನೀವು 233 ಅವನು 236 ಆದ್ರೆ ಸೆಕೆಂಡಿಗೆ ಮೂರು ಸಲ. ಇನ್ನೊಂದು ಇದೆ, ಎರಡು ಟ್ರಂಪೆಟ್ ಅಕ್ಕಪಕ್ಕ ನಿಂತು ಒಬ್ಬ ಜಿ ಇನ್ನೊಬ್ಬ ಮೇಲಿನ ಸಿ ಜೋರಾಗಿ ಹಿಡಿದ್ರೆ ನಡುವೆ ನಿಂತೋನ ಕಿವಿಯೊಳಗೆ ಕೆಳಗೆ ಇನ್ಯಾರೋ ಗುಂಯ್‌ಗುಟ್ಟಿದ ಹಾಗೆ ಕೇಳತ್ತೆ. 466ರಲ್ಲಿ 349 ಕಳೆದ್ರೆ 117, ನನ್ನ ಅದೇ ಕೆಳಗಿನ ಸಿ, ಯುಫೋನಿಯಂ ಊದದೇನೇ! ಅದನ್ನ ಹುಟ್ಟಿಸೋದು ಕಿವಿಯೇ, ಒಬ್ಬ ನಿಲ್ಸಿದ್ರೆ ಮಾಯ. ಶ್ರುತಿ ಚೆನ್ನಾಗಿ ಕೂಡಿದ್ರೆ ಅದೂ ಇಂಪಾಗೇ ಇರತ್ತೆ, ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್‌ನೋರು ಊದುವಾಗ ಹತ್ರ ನಿಂತು ಕೇಳಿ. ಅಂದ್ಹಾಗೆ ಕದ್ರಿ ಗೋಪಾಲನಾಥರಿಗೆ ಸ್ಯಾಕ್ಸೋಫೋನ್ ಹುಚ್ಚು ಹಿಡಿದಿದ್ದು ಮೈಸೂರು ಅರಮನೆ ಬ್ಯಾಂಡ್ ಕೇಳಿ, ಆದ್ರೆ ಸ್ಯಾಕ್ಸ್ ಮೈ ಹಿತ್ತಾಳೆ ಆದ್ರೂ ಊದೋದು ರೀಡಲ್ಲಿ, ಹಾಗಾಗಿ ಈ ತುಟಿ ಕಥೆ ಯಾವುದೂ ಸ್ಯಾಕ್ಸ್‌ನೋರಿಗೆ ಅನ್ವಯ ಆಗಲ್ಲ.

ಇಷ್ಟೆಲ್ಲ ಪರೀಕ್ಷೆ ಮನೇಲಿ ಕೂತು ಮಾಡೋದಕ್ಕೆ. ಮೆರವಣಿಗೆ ಮಧ್ಯ, ಗಂಡಿನ ಕಡೆಯೋರು ಕುಣೀತಿರುವಾಗ ಕಿರ್ರ್ ಬಂದ್ರೆ ಯಾವ ಪರೀಕ್ಷೆಗೂ ಟೈಮಿಲ್ಲ. ನಮ್ಮ ಮೇಷ್ಟ್ರ ಜುಬ್ಬಾ ಜೇಬಲ್ಲಿ ಯಾವಾಗ್ಲೂ ನಾಲ್ಕು ಹೂವಿನ ಅಂಗಡಿ ರಬ್ಬರ್ ಬ್ಯಾಂಡು, ಒಂದು ಕಪ್ಪು ಟೇಪು ಇರತ್ತೆ. ಹೋದ ತಿಂಗಳು ಛತ್ರದ ಮುಂದೆ ಟ್ರಾಂಬೋನ್‌ದು ಬೆಸುಗೆ ಬಿಟ್ಟು ಝರ್ ಅಂದಾಗ ಊದುತ್ತಿದ್ದ ವಾದ್ಯಕ್ಕೇ ಕೈ ಹಾಕಿ, ಎರಡು ಸುತ್ತು ಟೇಪ್ ಸುತ್ತಿ ಹಲ್ಲಲ್ಲಿ ಕಚ್ಚಿ ಹರಿದ್ರು, ಹಾಡು ನಿಲ್ಲಲಿಲ್ಲ. ಆ ಟೇಪ್ ಇನ್ನೂ ಬಿಚ್ಚಿಲ್ಲ, ಬೆಸುಗೆ ಹಾಕ್ಸೋಣ ಅಂತ ಪ್ರತಿ ವಾರ ಅಂದ್ಕೋತಾರೆ.